ಸಾಕು ಅನ್ನದೆ

ನಾಲ್ಕು ಜನಕ್ಕೂ ಕೈಪಟ್ಟಿ ಕಟ್ಟಿದರು.
ತಪ್ಪಾಗಿದೆ ಸಿಸ್ಟರ್, ರೋಗಿ ಇವಳೊಬ್ಬಳೇ, ಅಂದೆ.
ಮರಿಸೆಲ್ ನಕ್ಕು, ಮಣಿಕಟ್ಟಿನ ಕೂದಲು ಸಿಕ್ಕಿಕೊಳ್ಳದಂತೆ
ಗುಂಡಿ ಒತ್ತಿದಳು. ಟಕ್.
ಯಕ್ಷಿತಾ, ಹತ್ತು ವರ್ಷ. ಚಿರಂತ್, ಆರು.
ವಿನೋದಾ. ಆಮೇಲೆ ನಾನು,
ಹಿದ್ದ್ ಸ್ಥಾವರದ ಎರಡನೇ ಪಾಳಿಯ ಆಪರೇಟರು,
ಕಂಪೆನಿಗೆ ಬೆನ್ನುನೋವೆಂದು ಸುಳ್ಳು ಹೇಳಿ
ಸಂಬಳವಿಲ್ಲದ ಇಪ್ಪತ್ತೊಂದು ದಿನ ಪಡೆದು ಬಂದವನು.

ನನ್ನ ಕೆಲಸ ಕಡಲಿಂದ ಉಪ್ಪು ತೆಗೆಯುವುದು.
ಮುಹರಕ್ಕಿನ ನಲ್ಲಿಗಳಲ್ಲಿ ಬರುವ ಸಿಹಿ
ನನ್ನ ಗೇಜು ದಾಟಿ ಬಂದದ್ದು.
ಅದನ್ನೇ ಮಗಳು ಎರಡು ವರ್ಷದಿಂದ
ಮೊಣಕೈವರೆಗೆ ಸುರಿದುಕೊಳ್ಳುತ್ತಿದ್ದಾಳೆ,
ಬೆರಳ ಸಂದು ಬಿರಿದು
ಬಂಗುಡೆಯ ಕಿವಿರಿನಷ್ಟು ಕೆಂಪಾಗುವ ತನಕ.

ಊರಿಂದ ಅತ್ತೆಯ ಫೋನು: ಅಜ್ಜನಿಗೆ ಹೇಳಿಕೊಳ್ಳಿ,
ಚಕ್ಕುಲಿ ಬೀಡಾ ಇಡುವ. ಇಟ್ಟಾಯಿತು.
ಚರ್ಮದ ಡಾಕ್ಟರು ಮುಲಾಮು ಕೊಟ್ಟರು.
ಇನ್ನೊಬ್ಬರು ಮಾತ್ರೆ; ತೂಕಡಿಸಿದಳು,
ತೂಕಡಿಸುತ್ತಲೇ ತೊಳೆದಳು.
ನಾನೂ ಒಂದು ಕೊಟ್ಟೆ, ಬೆನ್ನಿಗೆ, ಒಂದೇ ಸಲ.
ಫಾರ್ಮಿನಲ್ಲಿ ಅದನ್ನು ಬರೆಯಲಿಲ್ಲ.

ವಾರ್ಡೆಂದರೆ ಮನೆಯಂಥದೇ: ಒಲೆ, ಊಟದ ಮೇಜು,
ಗೋಡೆಯಲ್ಲೊಂದು ಉದ್ದ ಕನ್ನಡಿ.
ಆಚೆ ಕಡೆಯಿಂದ ಅವರಿಗೆ ನಾವು ಕಾಣುತ್ತೇವೆ.
ಮೊದಲ ದಿನ ಸ್ಟುಡಿಯೋದಲ್ಲಿ ಕೂತಂತೆ ಕೂತೆವು.
ಮೂರನೇ ದಿನ ಚಪಾತಿ ಕರಟಿತು,
ತುಳುವಿನಲ್ಲಿ ಜಗಳ ಹತ್ತಿತು, ಯಾರಿಗೆ ತಿಳಿದೀತು ಎಂದು.
ಪಕ್ಕದ ಕೋಣೆಯಲ್ಲೊಬ್ಬ ಬಹರೇನಿ ಅಜ್ಜಿ,
ಕಳೆದ ರಮ್ಜಾನಿನಿಂದ ಹಾಸಿಗೆ ಬಿಟ್ಟೇಳದ ಮೊಮ್ಮಗನ ಜೊತೆ;
ಸಂಜೆ ಬಾಗಿಲ ಸಂದಿಯಿಂದ ಬಖೂರಿನ ಹೊಗೆ.
ಅವಳು ಕೊಟ್ಟ ಖರ್ಜೂರವನ್ನು
ನನ್ನ ಮಗಳು ಟಿಶ್ಯೂವಿನಲ್ಲಿ ಹಿಡಿದು ತೆಗೆದುಕೊಂಡಳು.
ತಿಂದಳೋ, ನಾನು ನೋಡಲಿಲ್ಲ.

ಒಂಬತ್ತನೇ ದಿನ ಡಾಕ್ಟರ್ ಮುನೀರಾ
ಮಗಳನ್ನು ಬಿಟ್ಟು ಉಳಿದವರನ್ನು ಕೇಳಿದರು:
ಅವಳು ಒಳಗಿರುವಾಗ ನೀವೇನು ಮಾಡುತ್ತೀರಿ?

ಹೊಸ ಸೋಪು ತೆಗೆದಿಡುತ್ತೇನೆ, ವಿನೋದಾ ಅಂದಳು,
ಇಲ್ಲದಿದ್ದರೆ ಕಿರುಚುತ್ತಾಳೆ.
ನಾನು ಎಣಿಸ್ತೇನೆ, ಚಿರಂತ್ ಅಂದ,
ನೂರಾದ ಮೇಲೆ ಟೀವಿ ಜೋರು ಇಡ್ತೇನೆ.
ಅವನು ಎಣಿಸುತ್ತಾನೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.
ನಾನೇನು ಮಾಡಲಿ, ಬಾಗಿಲ ಹೊರಗೆ ನಿಂತು
ಸಾಕು ಮಗಾ, ಸಾಕು, ಅನ್ನುತ್ತೇನೆ.

ಆಗ ಅವಳು, ಕಾರ್ಪೆಟ್ಟು ನೋಡುತ್ತ,
ಆ ಕೋಣೆಯಲ್ಲಿ ಮೊದಲ ಸಲ ಬಾಯಿಬಿಟ್ಟಳು:
ಪಪ್ಪ ಸಾಕು ಅಂದ ಕೂಡಲೆ
ಲೆಕ್ಕ ತಪ್ಪುತ್ತದೆ.
ಮತ್ತೆ ಒಂದರಿಂದ ಸುರು ಮಾಡ್ಬೇಕಾಗ್ತದೆ.

ಕನ್ನಡಿಯ ಆಚೆ ಯಾರೋ ಕುರ್ಚಿ ಸರಿಸಿದ ಸದ್ದು.
ಎರಡು ವರ್ಷ, ದಿನಕ್ಕೆ ಆರು ಸಲ,
ಸಲಕ್ಕೆ ಎಷ್ಟು ಸಾಕು?
ಸ್ಥಾವರದಲ್ಲಾದರೆ ಲಾಗ್‌ಬುಕ್ಕಿರುತ್ತದೆ.

ನನಗೆ ಬರೆದುಕೊಟ್ಟ ಔಷಧಿ ಇಷ್ಟೆ:
ಬಾಗಿಲ ಹೊರಗೆ ಕೂರುವುದು. ಅನ್ನದೆ.
ವಿನೋದಾಗೆ: ಒಂದು ಸೋಪು, ಕಿರುಚಿದರೂ ಒಂದೇ.
ಚಿರಂತನಿಗೆ: ಹೋಗಿ ಆಡುವುದು.
ಎಲ್ಲರಿಗಿಂತ ಅವನಿಗೇ ಅದು ಕಷ್ಟವಾಯಿತು.

ಹನ್ನೊಂದನೇ ರಾತ್ರಿ ಎರಡು ಗಂಟೆ.
ಹದಿನಾರನೇ ರಾತ್ರಿ ಒಂಬತ್ತು ನಿಮಿಷ;
ಮರಿಸೆಲ್ ಗಡಿಯಾರವನ್ನು ಎರಡು ಸಲ ನೋಡಿದಳು.
ಮರುದಿನ ಮತ್ತೆ ಐವತ್ತು.
ಇಪ್ಪತ್ತೊಂದಕ್ಕೆ ಕತ್ತರಿ ತಂದು ಪಟ್ಟಿ ಕತ್ತರಿಸಿದರು,
ಮಣಿಕಟ್ಟಿನ ಮೇಲೆ ಬಿಳಿ ಗೆರೆ ಉಳಿಯಿತು.

ಈಗ ಮನೆ. ಬೆಳಗಿನ ಬಾಂಗಿಗೆ ಇನ್ನೂ ಹೊತ್ತಿದೆ.
ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ,
ಎಡಗಾಲು ಜೋಮು ಹಿಡಿದಿದೆ,
ನಾಲಿಗೆಯನ್ನು ಹಲ್ಲಿನಡಿ ಇಟ್ಟುಕೊಂಡಿದ್ದೇನೆ.
ಒಳಗೆ ನೀರು.

ಪಪ್ಪಾ, ಉಂಟಾ ಅಲ್ಲಿ?

ಇದ್ದೇನೆ ಅನ್ನಬಹುದೋ ಬಾರದೋ
ಚೀಟಿಯಲ್ಲಿ ಬರೆದಿರಲಿಲ್ಲ.
ಬೆರಳ ಗೆಣ್ಣಿನಿಂದ ಬಾಗಿಲಿಗೆ ಒಮ್ಮೆ ತಟ್ಟಿದೆ.
ನೀರು ಸುರಿಯುತ್ತಲೇ ಇತ್ತು.